ಚಕ್ಕುಲಿ ಎಷ್ಟು, ನಿಪ್ಪಟ್ಟು ಎಷ್ಟು?

ಕುರುಕು ತಿಂಡಿ ಮಾಡಿ ಅಂಗಡಿಗಳಿಗೆ ಹಾಕುವ ಒಂದು ಸಣ್ಣ ಅಡುಗೆಮನೆ ಇದೆ ಎಂದಿಟ್ಟುಕೊಳ್ಳಿ. ಇರುವುದು ಒಂದೇ ದೊಡ್ಡ ಬಾಣಲೆ, ಕೆಲಸಕ್ಕೆ ಇಬ್ಬರು ಹೆಂಗಸರು. ಮಾಡುವುದು ಎರಡೇ ತಿಂಡಿ: ಚಕ್ಕುಲಿ, ನಿಪ್ಪಟ್ಟು. ಖರ್ಚೆಲ್ಲ ಕಳೆದರೆ ಚಕ್ಕುಲಿಯಲ್ಲಿ ಕಿಲೋಗೆ 60 ರೂಪಾಯಿ ಉಳಿಯುತ್ತದೆ, ನಿಪ್ಪಟ್ಟಿನಲ್ಲಿ 50. ಹಾಗಿದ್ದಮೇಲೆ ದಿನವಿಡೀ ಚಕ್ಕುಲಿಯನ್ನೇ ಒತ್ತಿದರಾಯಿತಲ್ಲ?

ಅಷ್ಟು ಸಲೀಸಿಲ್ಲ. ಒಂದು ಕಿಲೋ ಚಕ್ಕುಲಿ ಕರಿಯಲು 6 ನಿಮಿಷ ಬೇಕು, ನಿಪ್ಪಟ್ಟಿಗೆ 4 ಸಾಕು. ಆದರೆ ಒತ್ತುವುದಕ್ಕಿಂತ ತಟ್ಟುವುದು ನಿಧಾನ. ಕಿಲೋ ಚಕ್ಕುಲಿಗೆ 6 ನಿಮಿಷದ ಕೈಕೆಲಸವಾದರೆ ನಿಪ್ಪಟ್ಟಿಗೆ 12. ದಿನಕ್ಕೆ ಒಲೆ ಉರಿಯುವುದು 360 ನಿಮಿಷ. ಇಬ್ಬರ ಕೈಕೆಲಸ ಸೇರಿ 720 ನಿಮಿಷ. ಬರೀ ಚಕ್ಕುಲಿ ಮಾಡಿದರೆ 60 ಕಿಲೋಗೆ ಬಾಣಲೆಯ ಹೊತ್ತು ಮುಗಿಯುತ್ತದೆ, ಲಾಭ 3,600 ರೂಪಾಯಿ. ಅರ್ಧದಷ್ಟು ಕೈಕೆಲಸ ಹಾಗೇ ಉಳಿದಿರುತ್ತದೆ. ಬರೀ ನಿಪ್ಪಟ್ಟಾದರೆ 60 ಕಿಲೋಗೆ ಕೈ ಸೋತು, 3,000 ರೂಪಾಯಿಗೆ ನಿಲ್ಲುತ್ತದೆ.

ಇಂಥ ಇಕ್ಕಟ್ಟನ್ನು ಗಣಿತದ ಮಾತಿನಲ್ಲಿ ಬರೆದುಕೊಳ್ಳುವ ಕ್ರಮವೇ ಲೀನಿಯರ್ ಪ್ರೋಗ್ರಾಮಿಂಗ್. ದ್ವಿತೀಯ ಪಿಯುಸಿ ಗಣಿತದಲ್ಲೂ ಇದೊಂದು ಪಾಠ. ಮೊದಲು, ತೀರ್ಮಾನಿಸಬೇಕಾದದ್ದು ಏನು? ಚಕ್ಕುಲಿ ‘ಚ’ ಕಿಲೋ, ನಿಪ್ಪಟ್ಟು ‘ನ’ ಕಿಲೋ. ಎರಡನೆಯದು, ಬೇಕಾದದ್ದು ಏನು? 60ಚ + 50ನ ಆದಷ್ಟೂ ಹೆಚ್ಚಾಗಬೇಕು. ಮೂರನೆಯದು, ಕಟ್ಟಿಹಾಕುವುದು ಯಾವುದು? ಬಾಣಲೆಯ ಕಟ್ಟು: 6ಚ + 4ನ 360 ಮೀರಬಾರದು. ಕೈಕೆಲಸದ ಕಟ್ಟು: 6ಚ + 12ನ 720 ಮೀರಬಾರದು. ತಿಂಡಿ ಎರಡರಷ್ಟಾದರೆ ಹೊತ್ತು, ಲಾಭ ಎರಡೂ ಎರಡರಷ್ಟಾಗುವುದರಿಂದ ಗ್ರಾಫ್ ಹಾಳೆಯಲ್ಲಿ ಈ ಕಟ್ಟುಗಳು ನೆಟ್ಟನೆಯ ಗೆರೆಗಳಾಗಿ ಮೂಡುತ್ತವೆ. ಗೆರೆಗಳು ಸುತ್ತುವರಿದ ಜಾಗದ ಯಾವುದಾದರೊಂದು ಮೂಲೆಯಲ್ಲೇ ಅತಿಹೆಚ್ಚು ಲಾಭ ಸಿಗುತ್ತದೆ. ಇಲ್ಲಿ ಎರಡು ಗೆರೆ ಕೂಡುವ ಮೂಲೆ: 30 ಕಿಲೋ ಚಕ್ಕುಲಿ, 45 ಕಿಲೋ ನಿಪ್ಪಟ್ಟು. ಲಾಭ 4,050 ರೂಪಾಯಿ.

ಇದೇ ಲೆಕ್ಕ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತದೆ. ಒಲೆಯನ್ನು ಒಂದು ಗಂಟೆ ಹೆಚ್ಚು ಉರಿಸಿ ಲೆಕ್ಕ ಹಾಕಿದರೆ ಲಾಭ 525 ರೂಪಾಯಿ ಏರುತ್ತದೆ. ಒಂದು ಗಂಟೆಯ ಕೈಕೆಲಸ ಹೆಚ್ಚಿಸಿದರೆ ಏರುವುದು 75 ಮಾತ್ರ. ಇನ್ನೊಬ್ಬ ಸಹಾಯಕಿಯನ್ನು ಕರೆಯುವ ಮುಂಚೆ ಇನ್ನೊಂದು ಬಾಣಲೆಯ ಬೆಲೆ ವಿಚಾರಿಸುವುದು ಲೇಸು.

ಈ ಗಣಿತ ಹುಟ್ಟಿದ್ದೂ ಕಾರ್ಖಾನೆಯ ತಾಪತ್ರಯದಿಂದಲೇ. ಯಾವ ಯಂತ್ರಕ್ಕೆ ಯಾವ ಮರ ಹಾಕಬೇಕೆಂದು ತಿಳಿಯದ ಸೋವಿಯತ್ ಪ್ಲೈವುಡ್ ಉದ್ಯಮದವರು ಲೆನಿನ್‌ಗ್ರಾಡಿನ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಬಳಿ ಹೋದರು. ಅವರು ಕಂಡುಕೊಂಡ ದಾರಿ 1939ರಲ್ಲಿ ಪುಸ್ತಿಕೆಯಾಗಿ ಬಂತು. ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಮೂಲೆಯಿಂದ ಮೂಲೆಗೆ ಸಾಗಿ ಉತ್ತರ ಹುಡುಕುವ ‘ಸಿಂಪ್ಲೆಕ್ಸ್’ ವಿಧಾನ ಕಟ್ಟಿದರು. ಅದೇ ವರ್ಷ 77 ಆಹಾರ ಪದಾರ್ಥಗಳಿಂದ ಅತಿ ಅಗ್ಗದ ಪೌಷ್ಟಿಕ ಊಟ ಆರಿಸುವ ಸಮಸ್ಯೆಗೆ ಅದನ್ನು ಹಚ್ಚಿ ನೋಡಿದಾಗ, 9 ಗುಮಾಸ್ತರು ಕೈಯಂತ್ರ ತಿರುಗಿಸಿ ಮಾಡಿದ ಲೆಕ್ಕಕ್ಕೆ ಒಟ್ಟು 120 ಆಳುದಿನ ಹಿಡಿಯಿತು. 1984ರಲ್ಲಿ, ಗ್ವಾಲಿಯರಿನಲ್ಲಿ ಹುಟ್ಟಿ ಬೆಲ್ ಲ್ಯಾಬ್ಸ್‌ನಲ್ಲಿದ್ದ ನರೇಂದ್ರ ಕರ್ಮಾರ್ಕರ್ ಮೂಲೆ ಸುತ್ತದೆ ಒಳಗಿನಿಂದಲೇ ನುಗ್ಗುವ ದಾರಿ ತೋರಿಸಿದರು. ಈಗ ಎಕ್ಸೆಲ್‌ನ ‘ಸಾಲ್ವರ್’ ಅಂಥ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಕಷ್ಟ ಇರುವುದು ಕಟ್ಟುಗಳನ್ನು ಒಂದೂ ಬಿಡದೆ ಬರೆದುಕೊಳ್ಳುವುದರಲ್ಲಿ. ಈ ಪೇಚಿಗೆ ಸ್ವತಃ ಡಾಂಟ್ಜಿಗ್ ಸಿಕ್ಕಿಬಿದ್ದಿದ್ದರು. ತೂಕ ಇಳಿಸಬೇಕಾಗಿ ಬಂದಾಗ ತಮ್ಮ ಊಟವನ್ನು ಕಂಪ್ಯೂಟರೇ ಹೇಳಲಿ ಎಂದು ಹೊರಟರು. ನೀರಿನಂಶ ಕಳೆದ ತೂಕ ಹೆಚ್ಚಿದ್ದಷ್ಟೂ ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಮಾತ್ರ ಮಿತಿ ಮೀರಬಾರದು ಎಂದು ಬರೆದುಕೊಟ್ಟರು. ಬಂದ ಉತ್ತರದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು! ಪಟ್ಟಿಯಲ್ಲಿ ಅದರ ನೀರಿನಂಶ ಸೊನ್ನೆ ಎಂದು ದಾಖಲಾಗಿತ್ತು. ವಿನೆಗರ್ ತೆಗೆದುಹಾಕಿದರೆ ದಿನಕ್ಕೆ 200 ಸೂಪಿನ ಕ್ಯೂಬ್ ತಿನ್ನಿ ಎಂದಿತು. ಅದಕ್ಕೂ ಮೇಲ್ಮಿತಿ ಹಾಕಬೇಕಾಯಿತು. ಮನುಷ್ಯರಿಗೆ ಹೇಳದೆಯೂ ಗೊತ್ತಿರುವ ಸಂಗತಿ ಯಂತ್ರಕ್ಕೆ ಬರೆದುಕೊಟ್ಟರಷ್ಟೇ ಗೊತ್ತು.

ನಮ್ಮ ಅಡುಗೆಮನೆಯ ಲೆಕ್ಕದಲ್ಲೂ ಒಂದು ಕಟ್ಟು ಬಿಟ್ಟುಹೋಗಿರಬಹುದು. ಗೋಕುಲಾಷ್ಟಮಿಗೆ ಹಳೇ ಗಿರಾಕಿಯೊಬ್ಬರು 40 ಕಿಲೋ ಚಕ್ಕುಲಿ ಬೇಕೇ ಬೇಕೆಂದರೆ, ‘ಚ 40ಕ್ಕಿಂತ ಕಡಿಮೆ ಆಗಬಾರದು’ ಎಂಬ ಸಾಲು ಸೇರುತ್ತದೆ. ನಿಪ್ಪಟ್ಟು 30 ಕಿಲೋಗೆ ಇಳಿಯುತ್ತದೆ, ಲಾಭ 3,900ಕ್ಕೆ. ಖೋತಾ 150 ರೂಪಾಯಿ. ಆ ಆರ್ಡರಿಗೆ ಕಿಲೋಗೆ 4 ರೂಪಾಯಿ ಹೆಚ್ಚು ಕೇಳಿದರೆ ಅದು ಬಂದು, ಮೇಲೆ ಹತ್ತು ರೂಪಾಯಿ ಉಳಿಯುತ್ತದೆ.