ತಿಂಡಿಯ ಪೊಟ್ಟಣ ಮತ್ತು ಮಕ್ಕಳ ಹಲ್ಲು

ಬೆಳೆಗೆ ರೋಗ ಬಿದ್ದಿದೆಯೇ ಎಂದು ಎಲೆಯನ್ನು ತಿರುವಿ ನೋಡುತ್ತೀರಿ. ಮಗುವಿನ ಬಾಯನ್ನು ಬೆಳಕಿಗೆ ಹಿಡಿದು ನೋಡಿ ಎಷ್ಟು ದಿನವಾಯಿತು? ಇಂದು ಒಮ್ಮೆ ನೋಡಿರಿ. ಮುಂದಿನ ಹಲ್ಲುಗಳ ಬುಡದಲ್ಲಿ ಸುಣ್ಣ ಬಳಿದಂತಹ ಬಿಳಿಯ ಗೆರೆ, ದವಡೆ ಹಲ್ಲಿನ ಮೇಲೆ ಕಂದು ಇಲ್ಲವೆ ಕಪ್ಪು ಗುಳಿ ಕಂಡರೆ ಹುಳುಕಿನ ಅನುಮಾನ ಪಡಬೇಕು.

ಹುಳುಕು ಎಂದು ಕರೆದರೂ ಹಲ್ಲಿನಲ್ಲಿ ಹುಳುವೇನೂ ಇರುವುದಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಲ್ಲಿನ ಮೇಲೆ ಅಂಟು ಪೊರೆಯಾಗಿ ಕುಳಿತಿರುತ್ತವೆ. ನಾವು ತಿಂದ ಸಕ್ಕರೆಯೇ ಅವುಗಳ ಮೇವು. ಅದನ್ನು ತಿಂದು ಅವು ಆಮ್ಲವನ್ನು, ಅಂದರೆ ಹುಳಿಯನ್ನು ಉಂಟುಮಾಡುತ್ತವೆ. ಹುಣಿಸೆಹಣ್ಣು ತಾಮ್ರದ ಚೊಂಬಿನ ಕಿಲುಬನ್ನು ಕರಗಿಸುವಂತೆ ಈ ಹುಳಿಯು ಹಲ್ಲಿನ ಗಟ್ಟಿ ಕವಚವನ್ನು ಕರಗಿಸುತ್ತದೆ. ಬಾಯಿಯ ಜೊಲ್ಲು ಹುಳಿಯನ್ನು ತೊಳೆದು, ಕಳೆದುಹೋದ ಸುಣ್ಣದ ಅಂಶವನ್ನು ಹಲ್ಲಿಗೆ ಮರಳಿ ಕೊಡುತ್ತದೆ. ಆದರೆ ಈ ಕೆಲಸಕ್ಕೆ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆಯ ಬಿಡುವು ಬೇಕು.

ಆ ಬಿಡುವು ಈಗ ಮಕ್ಕಳ ಬಾಯಿಗೆ ಸಿಗುತ್ತಿಲ್ಲ. ಬೆಳಿಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಶಾಲೆಗೆ ಹೋಗುವಾಗ ಚಾಕೊಲೇಟು, ಮರಳುವಾಗ ಐದು ರೂಪಾಯಿಯ ಪೊಟ್ಟಣ, ಸಂಜೆ ಮತ್ತೊಂದು. ತರಕಾರಿ ಮಡಿಯನ್ನು ಆರಲು ಬಿಡದೆ ನೀರು ಹಾಯಿಸಿದರೆ ಬೇರು ಕೊಳೆಯುವುದಿಲ್ಲವೇ? ಇದೂ ಹಾಗೆಯೇ. ಎಷ್ಟು ಸಿಹಿ ತಿಂದರು ಎಂಬುದೂ ಮುಖ್ಯವೇ. ಆದರೆ ದಿನಕ್ಕೆ ಎಷ್ಟು ಸಲ ತಿಂದರು ಎಂಬುದು ಅದಕ್ಕಿಂತ ಮುಖ್ಯ. ಸ್ವೀಡನ್ ದೇಶದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ನಡೆದು 1954ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದು ಸ್ಪಷ್ಟವಾಯಿತು. ಊಟದ ಜೊತೆಗೆ ಸಕ್ಕರೆ ತಿಂದವರಿಗೆ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟಗಳ ನಡುವೆ ಅಂಟು ಮಿಠಾಯಿ ತಿಂದವರಿಗೆ ಬಹಳ ಹೆಚ್ಚಿತು. ಒಪ್ಪಿಗೆ ಕೊಡಲು ಶಕ್ತಿಯಿಲ್ಲದ, ಬೌದ್ಧಿಕ ಊನವುಳ್ಳ ರೋಗಿಗಳ ಮೇಲೆ ಮಾಡಿದ ಆ ಪರೀಕ್ಷೆ ನ್ಯಾಯವಾದುದಲ್ಲ. ಆದರೂ ಅದು ತಿಳಿಸಿದ ಸಂಗತಿ ಸುಳ್ಳಲ್ಲ.

"ನಮ್ಮ ಹುಡುಗ ಖಾರದ್ದನ್ನೇ ತಿನ್ನುತ್ತಾನೆ" ಎಂದು ಸಮಾಧಾನ ಪಡಬೇಡಿರಿ. ಚಿಪ್ಸ್, ಕುರುಕಲು ತಿಂಡಿಗಳ ಹಿಟ್ಟು ಹಲ್ಲಿನ ಸಂದಿನಲ್ಲಿ ಮೆತ್ತಿಕೊಂಡು ಬಾಯಲ್ಲೇ ಸಕ್ಕರೆಯಾಗುತ್ತದೆ. ಬೆಲ್ಲವೂ ಹಲ್ಲಿನ ಮಟ್ಟಿಗೆ ಸಕ್ಕರೆಯೇ. ಕಬ್ಬು ಬೆಳೆಯುವವರಿಗೆ ಈ ಮಾತು ರುಚಿಸದೆ ಇರಬಹುದು!

ಹಾಲುಹಲ್ಲು ಹೇಗೂ ಬೀಳುವುದು ಎಂಬ ಉದಾಸೀನ ಸಲ್ಲದು. ಹಾಲಿನ ದವಡೆ ಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೂ ಇರಬೇಕಾದವು. ಮುಂಚೆಯೇ ಕಿತ್ತರೆ ಪಕ್ಕದ ಹಲ್ಲು ವಾಲಿ, ಹೊಸ ಹಲ್ಲಿಗೆ ಜಾಗವಿಲ್ಲದಂತಾಗುತ್ತದೆ. ಇನ್ನೊಂದು ಸಂಗತಿ ಅನೇಕ ತಂದೆತಾಯಿಗಳಿಗೆ ತಿಳಿಯದು. ಸುಮಾರು 6 ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದೊಂದು ದವಡೆ ಹಲ್ಲು ಹೊಸದಾಗಿ ಹುಟ್ಟುತ್ತದೆ. ಅದು ಹಾಲುಹಲ್ಲಲ್ಲ, ಶಾಶ್ವತ ಹಲ್ಲು. ಅದು ಹೋದರೆ ಆ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ.

ಹಾಗಾದರೆ ಮಕ್ಕಳಿಗೆ ಸಿಹಿಯೇ ಬೇಡವೇ? ಬೇಡವೆಂದರೆ ಕೇಳುವವರಾರು? ಕೊಡುವುದನ್ನು ಊಟದ ಜೊತೆಗೆ ಕೊಟ್ಟುಬಿಡಿರಿ. ನಡುವೆ ಹಸಿವಾದರೆ ಹುರಿದ ಕಡಲೆಕಾಯಿ, ಉಸಲಿ, ಸೌತೆಕಾಯಿ, ಸೀಬೆಹಣ್ಣು, ಮಜ್ಜಿಗೆ ಇವೆ. ಬಹುಪಾಲು ನಿಮ್ಮ ಹೊಲದಲ್ಲೇ ಬೆಳೆಯುವಂಥವು. ತೀರ ಚಿಕ್ಕ ಮಕ್ಕಳಿಗೆ ಮಾತ್ರ ಇಡೀ ಕಾಳು ಕೊಡಬಾರದು, ಶ್ವಾಸನಾಳದಲ್ಲಿ ಸಿಕ್ಕೀತು. ಸಕ್ಕರೆ ಹಾಕಿದ ಹಾಲಿನ ಸೀಸೆಯನ್ನು ಬಾಯಿಗಿಟ್ಟು ಮಗುವನ್ನು ಮಲಗಿಸಬೇಡಿರಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ.

ಬೆಳಿಗ್ಗೆಯಂತೆ ರಾತ್ರಿ ಮಲಗುವ ಮುನ್ನವೂ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿಸಿರಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು, ಉಗುಳಲು ಕಲಿಸಿರಿ. ಬೂದಿ, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ನೋವಿರುವ ಹಲ್ಲಿಗೆ ಹೊಗೆಸೊಪ್ಪು ಇಟ್ಟು ಸುಮ್ಮನಾಗಬೇಡಿರಿ. ಗುಳಿ ಚಿಕ್ಕದಿದ್ದಾಗ ತುಂಬಿಸಿದರೆ ಹಲ್ಲು ಉಳಿಯುತ್ತದೆ. ಕೆನ್ನೆ ಊದಿ ಜ್ವರ ಬಂದಿದ್ದರೆ ಸಂತೆಯ ದಿನದವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.