ವೈದ್ಯವಿದ್ಯೆಯಿಂದ ರಾಜ್ಯಸಭೆಗೆ: ಡಾ. ನಾ. ಸು. ಹರ್ಡೀಕರರು

ವೈದ್ಯರು ರಾಜಕಾರಣಕ್ಕೆ ಬಂದುದು ನಮ್ಮ ದೇಶದಲ್ಲಿ ಅಪೂರ್ವವೇನೂ ಅಲ್ಲ. ಆದರೆ ಹಾಗೆ ಬಂದವರು ತಮ್ಮ ವಿದ್ಯೆಯನ್ನು ತೊರೆದು ಬಂದರೋ, ಅದನ್ನೇ ಬೇರೊಂದು ರೂಪದಲ್ಲಿ ಮುಂದುವರಿಸಿದರೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ಜೀವನವು ಇದಕ್ಕೆ ಉತ್ತರವೀಯುವುದೆಂದು ನಾವು ಭಾವಿಸುತ್ತೇವೆ.

1889ರಲ್ಲಿ ಧಾರವಾಡದಲ್ಲಿ ಜನಿಸಿದ ಹರ್ಡೀಕರರು ಕಲಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು, ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿದರು. ಒಬ್ಬ ರೋಗಿಯ ಚಿಕಿತ್ಸೆಗಿಂತ ಇಡಿಯ ಸಮಾಜದ ಆರೋಗ್ಯವನ್ನು ಕಾಪಾಡುವುದೇ ಆ ಶಾಸ್ತ್ರದ ಗುರಿ. ಅಲ್ಲಿಯೇ ಅವರು ಲಾಲಾ ಲಜಪತರಾಯರೊಡನೆ ಭಾರತದ ಹೋಮ್ ರೂಲಿಗಾಗಿ ದುಡಿದು, 1921ರಲ್ಲಿ ಸ್ವದೇಶಕ್ಕೆ ಮರಳಿದರು.

1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಅವರು ಸಂಗಡಿಗರೊಡನೆ ಸೆರೆಮನೆ ಸೇರಿದರು. ಅಲ್ಲಿಯ ಕಷ್ಟವನ್ನು ತಾಳಲಾರದೆ ಅನೇಕ ಸತ್ಯಾಗ್ರಹಿಗಳು ಕ್ಷಮೆ ಬೇಡಿ ಹೊರಬಂದರು. ಹುಬ್ಬಳ್ಳಿಯ ತಂಡ ಬಾಗಲಿಲ್ಲ. ಉತ್ಸಾಹವೊಂದೇ ಸಾಲದು, ದೇಹಕ್ಕೂ ಮನಸ್ಸಿಗೂ ಶಿಕ್ಷಣ ಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಅದೇ ವರ್ಷದ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳದ ಯೋಜನೆ ರೂಪುಗೊಂಡಿತು. ಕವಾಯತು ಮಾಡುವ ದಳವು ಅಹಿಂಸೆಗೆ ಒಗ್ಗದೆಂದು ಕಾಂಗ್ರೆಸ್ಸಿನೊಳಗೆಯೇ ಕೆಲವರು ಶಂಕಿಸಿದರು. ಜವಾಹರಲಾಲ ನೆಹರೂ ಅವರು ಬೆಂಬಲವಿತ್ತರು. 1924ರಲ್ಲಿ ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ದಳದ ಸ್ವಯಂಸೇವಕರು ವ್ಯವಸ್ಥೆಯ ಭಾರವನ್ನು ಹೊತ್ತರು. ಸರಕಾರ ಈ ಶಿಸ್ತಿಗೆ ಅಂಜಿತೆಂಬುದಕ್ಕೆ ಒಂದೇ ನಿದರ್ಶನ ಸಾಕು: 1932ರಲ್ಲಿ ವಿಧಿಸಿದ ನಿಷೇಧವನ್ನು 1934ರಲ್ಲಿ ಕಾಂಗ್ರೆಸ್ಸಿನ ಮೇಲಿಂದ ತೆಗೆದಾಗಲೂ ದಳದ ಮೇಲಿಂದ ತೆಗೆಯಲಿಲ್ಲ.

1952ರಿಂದ 1962ರವರೆಗೆ ಹರ್ಡೀಕರರು ರಾಜ್ಯಸಭೆಯ ಸದಸ್ಯರಾಗಿದ್ದರು. ಅವರು ಸಭೆಯನ್ನು ಪ್ರವೇಶಿಸಿದಾಗ ಧಾರವಾಡವು ಮುಂಬಯಿ ರಾಜ್ಯದಲ್ಲಿಯೂ, ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಮದರಾಸು ರಾಜ್ಯದಲ್ಲಿಯೂ ಇದ್ದವು. 1953ರಲ್ಲಿ ಈ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1956ರಲ್ಲಿ ಧಾರವಾಡವೂ ಬಂದು ಕೂಡಿತು. ಹೀಗೆ ಕನ್ನಡ ನಾಡು ಒಂದುಗೂಡಿದುದು ಅವರ ಸದಸ್ಯತ್ವದ ಅವಧಿಯಲ್ಲಿಯೇ. 1958ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. 1975ರಲ್ಲಿ ಅವರು ನಿಧನರಾದರು.

ಹರ್ಡೀಕರರ ಹೆಸರನ್ನು ಶಾಸನಗಳ ಪಟ್ಟಿಯಲ್ಲಿ ಅರಸುವವರಿಗೆ ಅವರ ಮಹತ್ವ ತಿಳಿಯದು. ರೋಗ ಬಂದ ಮೇಲೆ ಮದ್ದನ್ನು ಹುಡುಕುವುದಕ್ಕಿಂತ ಮುಂಚೆಯೇ ಶಕ್ತಿಯನ್ನು ಕೂಡಿಸಿಡಬೇಕೆಂಬುದು ವೈದ್ಯನ ವಿವೇಕ. ಅದನ್ನೇ ಅವರು ಒಂದು ಜನಾಂಗದ ಸಾರ್ವಜನಿಕ ಜೀವನಕ್ಕೆ ಅನ್ವಯಿಸಿದರು. ಅವರು ವೈದ್ಯವಿದ್ಯೆಯನ್ನು ತೊರೆಯಲಿಲ್ಲ. ಅದರ ಕ್ಷೇತ್ರವನ್ನು ವಿಸ್ತರಿಸಿದರೆಂದೇ ನಮ್ಮ ಅಭಿಪ್ರಾಯ.