ತುಟಿಯ ಕೆಂಪು, ತಲೆಯ ಸೀಗೆ

ಹಬ್ಬದ ಹೊಸ್ತಿಲಲ್ಲಿ ಮಾರಾಟಕ್ಕೆ ಬಂದು, ಹಬ್ಬ ಕಳೆದೊಡನೆ ಕಾಣೆಯಾಗುವ ಬೆಲೆಬಾಳುವ ಪ್ರಸಾಧನ ಸಾಮಗ್ರಿಗಳ ವಿಷಯದಲ್ಲಿ ನನಗೆ ಬಹುಕಾಲದಿಂದ ಒಂದು ಬಗೆಯ ಅವಿಶ್ವಾಸವಿದೆ. ಬಣ್ಣಕ್ಕಿಂತ ಡಬ್ಬಿಗೆ, ಡಬ್ಬಿಗಿಂತ ಅದನ್ನು ಹೊತ್ತ ಪೆಟ್ಟಿಗೆಗೆ ಹೆಚ್ಚು ಹಣ ತೆರುತ್ತಿದ್ದೇವೆಂಬ ಆ ಭಾವನೆ ಈಗಲೂ ಪೂರ್ತಿ ಅಳಿದಿಲ್ಲ. ಆದರೂ ಈ ದೀಪಾವಳಿಗೆ ಮುಂಚೆ ಬೆಂಗಳೂರಿನ ವಿಠಲ್ ಮಲ್ಯ ರಸ್ತೆಯ ಮಳಿಗೆಯೊಂದರಲ್ಲಿ ಕೈಗೆ ಬಂದ ಒಂದು ಲಿಪ್‌ಸ್ಟಿಕ್ ನನ್ನನ್ನು ಮೆಕ್ಸಿಕೋದ ಕಳ್ಳಿಗಾಡಿನವರೆಗೂ, ಅಲ್ಲಿಂದ ನಮ್ಮದೇ ಹಳೆಯ ಮೈಸೂರು ಸೀಮೆಯ ಬೇಲಿಗಳವರೆಗೂ ಕರೆದೊಯ್ದುದರಿಂದ, ಅದರ ಮಾತನ್ನು ಮೊದಲು ಹೇಳಬೇಕಾಗಿದೆ.

ಅದರ ಕೋಶ ಲೋಹದ್ದು. ಹೊನ್ನಿನ ಬಣ್ಣದ ಮೈಮೇಲೆ ಕಮಲದ ಎಸಳುಗಳನ್ನು ಉಬ್ಬುಗೆತ್ತನೆಯಲ್ಲಿ ಮೂಡಿಸಿದ್ದರು. ಮುಚ್ಚಳವನ್ನು ಮುಚ್ಚುವಾಗ ಒಳಗಿನ ಅಯಸ್ಕಾಂತವು ಕೊನೆಯ ಕೂದಲೆಳೆಯಷ್ಟು ದೂರವನ್ನು ತಾನೇ ಎಳೆದುಕೊಂಡು ಟಕ್ಕೆಂದು ಕೂರುತ್ತಿತ್ತು. ಒಳಗಿನ ಕಡ್ಡಿ ಸವೆದ ಮೇಲೆ ಅದನ್ನಷ್ಟೇ ಬದಲಿಸಿ ಕೋಶವನ್ನು ಉಳಿಸಿಕೊಳ್ಳಬಹುದೆಂದು ಅಂಗಡಿಯ ಹುಡುಗಿ ಹೆಮ್ಮೆಯಿಂದ ತೋರಿಸಿದಳು. ಪ್ಯಾರಿಸಿನ ಗೆರ್ಲೇನ್ ಮನೆತನದವರು 1870ರಲ್ಲಿಯೇ ಇಂಥ ವ್ಯವಸ್ಥೆಯನ್ನು ಮಾಡಿದ್ದರೆಂಬುದು ದಾಖಲೆಯಲ್ಲಿರುವುದರಿಂದ ಇದನ್ನು ಹೊಸ ಶೋಧವೆನ್ನಲಾಗದು. ಆದರೆ ಬಿಸಾಡುವ ವಸ್ತುಗಳೇ ತುಂಬಿರುವ ಈ ಕಾಲದಲ್ಲಿ ಮರಳಿ ಬಂದ ಹಳೆಯ ವಿವೇಕವಾಗಿ ಅದು ನನಗೆ ಮೆಚ್ಚುಗೆಯಾಯಿತು.

ಮುಂಗೈಯ ಮೇಲೆ ಆಕೆ ಎರಡು ಗೀಟು ಎಳೆದಳು. ಒಂದು ಇಟ್ಟಿಗೆಯ ಛಾಯೆಯ ಕೆಂಪು. ಇನ್ನೊಂದು ಒಳಗೆಲ್ಲೋ ನೀಲಿಯ ಸುಳಿವುಳ್ಳ, ಮಾಗಿದ ದಾಳಿಂಬೆಯ ಕಾಳಿನಂತಹ ಕೆಂಪು. ಮಳಿಗೆಯ ಬಿಳಿಯ ಬೆಳಕಿನಲ್ಲಿ ಎರಡನೆಯದು ಕೊಂಚ ತಣ್ಣಗೆ, ಕೊಂಚ ಕಠೋರವಾಗಿ ಕಂಡಿತು. ಬಹುಮಂದಿ ಅದನ್ನು ಬಿಟ್ಟು ಮೊದಲನೆಯದನ್ನೇ ಆರಿಸಿಕೊಂಡು ಹೋಗುವರಂತೆ. ಆದರೆ ದೀಪಾವಳಿಯ ಅಲಂಕಾರವನ್ನು ನೋಡುವ ಬೆಳಕು ಮಳಿಗೆಯದಲ್ಲವಷ್ಟೆ? ಎಣ್ಣೆದೀಪದ ಬೆಳಕಿನಲ್ಲಿ ಹಳದಿ ಮತ್ತು ಕೆಂಪಿನ ಅಂಶ ಅಧಿಕ, ನೀಲಿಯ ಅಂಶ ಅತ್ಯಲ್ಪ. ಅಂತಹ ಬೆಳಕಿನಲ್ಲಿ ಇಟ್ಟಿಗೆಗೆಂಪು ಕಿತ್ತಳೆಯ ಕಡೆಗೆ ಜಾರಿ ಪೇಲವವಾಗುತ್ತದೆ, ನೀಲಿ ಬೆರೆತ ಕೆಂಪಾದರೋ ತನ್ನ ಕಾಠಿಣ್ಯವನ್ನು ಕಳೆದುಕೊಂಡು ಹದವಾಗುತ್ತದೆ. ಮನೆಯಲ್ಲಿ ಎರಡು ಹಣತೆಗಳ ಮುಂದೆ ಅದನ್ನು ಹಚ್ಚಿ ಕನ್ನಡಿ ನೋಡಿದಾಗ ಈ ಮಾತು ಅಕ್ಷರಶಃ ನಿಜವೆನಿಸಿತು. ಹಬ್ಬದ ಬಣ್ಣವನ್ನು ಹಬ್ಬದ ಬೆಳಕಿನಲ್ಲಿ ಪರೀಕ್ಷಿಸಲು ಒಂದು ಹಣತೆಯನ್ನಾದರೂ ಈ ಮಳಿಗೆಗಳು ಏಕೆ ಇರಿಸಬಾರದು?

ಕೆನ್ನೆಗೆ ಬಳಿಯುವ ಹೊಳಪಿನ ಪುಡಿಯ ಗುಟ್ಟೂ ಬೆಳಕಿನದೇ. ಅದರಲ್ಲಿ ಹೊಳೆಯುವುದು ಅಭ್ರಕದ ತೆಳು ಪದರಗಳು. ಅವುಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳುವಾದ ಲೇಪವಿರುತ್ತದೆ. ಆ ಲೇಪದ ದಪ್ಪ ತುಸು ಹೆಚ್ಚುಕಡಿಮೆಯಾದರೆ ಸಾಕು, ಬೆಳ್ಳಿಯ ಹೊಳಪು ಹೊನ್ನಾಗುತ್ತದೆ, ಹೊನ್ನು ಕೆಂಪಾಗುತ್ತದೆ; ಬೇರೆ ವರ್ಣದ್ರವ್ಯದ ಅಗತ್ಯವೇ ಇಲ್ಲ.

“ಇದರಲ್ಲಿ ಏನೇನು ಹಾಕಿದ್ದಾರಮ್ಮ?” ಎಂದು ಆ ದಾಳಿಂಬೆಗೆಂಪನ್ನು ತೋರಿಸಿ ಕೇಳಿದೆ.

“ಪೆಟ್ಟಿಗೆ ತಳದಲ್ಲಿ ಬರೆದಿರುತ್ತೆ ಮೇಡಂ. ಯಾರೂ ಓದೋದಿಲ್ಲ,” ಎಂದಳು ಬೇಲೂರಿನ ಕಡೆಯ ಆ ಹುಡುಗಿ, ಎಂದವಳು ತನ್ನ ಫೋನಿನ ದೀಪವನ್ನು ಹಿಡಿದು ನನ್ನೊಡನೆ ತಾನೂ ಓದಲು ಬಾಗಿದಳು. ಮೇಣಗಳು, ಹರಳೆಣ್ಣೆ, ಸುಗಂಧ ಇವೆಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಸಿ.ಐ. 75470 ಎಂಬ ಅಂಕಿಯಿತ್ತು. ಬಣ್ಣಗಳ ಅಂತಾರಾಷ್ಟ್ರೀಯ ಸೂಚಿಯಲ್ಲಿ ಅದು ಕಾರ್ಮೈನ್; ಎಂದರೆ ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟದ ಕೆಂಪು.

ಈ ಕೀಟದ ಕಥೆಯನ್ನು ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಮೆಕ್ಸಿಕೋದ ಓಹಾಕಾ ಪ್ರಾಂತದ ಜನರು ಕಳ್ಳಿಯ ಹಾಳೆಗಳ ಮೇಲೆ ಇದನ್ನು ಸಾಕಿ, ಹೆಣ್ಣು ಕೀಟಗಳನ್ನು ಕುಂಚದಿಂದ ಗುಡಿಸಿ, ಒಣಗಿಸಿ, ಅರೆದು ಬಣ್ಣ ತೆಗೆಯುತ್ತಿದ್ದರು. ಒಂದು ಪೌಂಡ್ ಒಣಕೀಟಕ್ಕೆ ಸುಮಾರು 70,000 ಕೀಟಗಳು ಬೇಕು. ಸ್ಪೇನಿನವರು ಆ ದೇಶವನ್ನು ವಶಪಡಿಸಿಕೊಂಡ ತರುವಾಯ ಅಲ್ಲಿಂದ ಸಾಗಿಸಿದ ಸರಕುಗಳಲ್ಲಿ ಬೆಳ್ಳಿಯನ್ನು ಬಿಟ್ಟರೆ ಇದೇ ಅಮೂಲ್ಯವಾದುದಾಗಿತ್ತು. ಇಂಗ್ಲಿಷ್ ಸೇನಾಧಿಕಾರಿಗಳ ಕೆಂಪು ಅಂಗಿಗೂ ಇದೇ ಬಣ್ಣ. ಸ್ಪೇನಿನ ಏಕಸ್ವಾಮ್ಯವನ್ನು ಮುರಿಯಬೇಕೆಂದು ಈಸ್ಟ್ ಇಂಡಿಯಾ ಕಂಪನಿಯವರು ಹವಣಿಸಿದರು. ಮದರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ವೈದ್ಯನು ಇದಕ್ಕೆಂದೇ ಕಳ್ಳಿಯ ತೋಟವನ್ನು ಬೆಳೆಸಿದನು. ಕೊನೆಗೆ 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತನು ಬ್ರೆಜಿಲಿನಿಂದ ಕೀಟಗಳನ್ನು ಕಲ್ಕತ್ತೆಗೆ ತಂದನು. ಆದರೆ ಬಂದುದು ಸಾಕಿದ ಉತ್ತಮ ತಳಿಯಲ್ಲ, ಅದರ ಕಾಡುಬಂಧು. ಬಣ್ಣ ಕಡಮೆ, ಹಸಿವು ಬಹಳ. ಉದ್ಯಮವು ಕೈಗೂಡಲಿಲ್ಲ; ಕೀಟವಾದರೋ ಒಂದು ಜಾತಿಯ ಕಳ್ಳಿಯನ್ನು ತಿಂದು ಹಾಳುಮಾಡುತ್ತ ಹಬ್ಬಿತು. 1836ರ ಸುಮಾರಿಗೆ ಅದನ್ನು ಬೇಕೆಂದೇ ದಕ್ಷಿಣಕ್ಕೆ ತಂದು ಕಳ್ಳಿಯ ನಾಶಕ್ಕೆ ಬಿಟ್ಟರು. ಬೇಡದ ಗಿಡವನ್ನು ಕೀಟದಿಂದ ಅಡಗಿಸುವ ವಿದ್ಯೆಗೆ ಜಗತ್ತಿನಲ್ಲಿ ಇದೇ ಮೊದಲ ನಿದರ್ಶನವೆಂದು ವಿಜ್ಞಾನಿಗಳು ಗಣಿಸುತ್ತಾರೆ. ನಮ್ಮ ಹಳ್ಳಿಗಳ ಬೇಲಿಯಾಗಿ ನಿಂತು, ಹೊಲಗಳನ್ನೂ ಆಕ್ರಮಿಸಿದ್ದ ಪಾಪಾಸುಕಳ್ಳಿ ಆಗಲೂ ಬಗ್ಗಲಿಲ್ಲ. ಅದಕ್ಕೆಂದು 1926ರಲ್ಲಿ ಸಿಂಹಳದಿಂದ ಅದೇ ಕುಲದ ಮತ್ತೊಂದು ಕೀಟ ಬರಬೇಕಾಯಿತು. ಬಿಳಿಯ ಬೂಷ್ಟಿನಂತೆ ಕಳ್ಳಿಯನ್ನು ಮುತ್ತಿ, ಬೆರಳಿನಿಂದ ಒತ್ತಿದರೆ ಕಡುಗೆಂಪು ರಸ ಬಿಡುವ ಆ ಕೀಟವನ್ನು ಬಯಲುಸೀಮೆಯ ದಾರಿಬದಿಯಲ್ಲಿ ಇಂದಿಗೂ ಕಾಣಬಹುದು. ನಾನು ಹಣತೆಯ ಮುಂದೆ ಹಚ್ಚಿ ನೋಡಿದ ಕೆಂಪಿನ ಸೋದರಸಂಬಂಧಿ ಅದೇ.

ಕೀಟದ ಬಣ್ಣವನ್ನು ತುಟಿಗೆ ಹಚ್ಚುವುದೆ ಎಂದು ಹಿಂಜರಿಯುವವರ ಸಂಕೋಚವನ್ನು ನಾನು ಗೌರವಿಸುತ್ತೇನೆ. ಅಂಥವರು ತಳದ ಸಾಲಿನಲ್ಲಿ ಈ ಅಂಕಿಯನ್ನು ಹುಡುಕಿ, ಇಲ್ಲದಿದ್ದರೆ ಮಾತ್ರ ಕೊಳ್ಳಬಹುದು. 15850 ಎಂಬ ಅಂಕಿಯ ಕೆಂಪು ಸಂಪೂರ್ಣ ಕೃತಕವಾದುದು. ಆದರೆ ಕಾವ್ಯನಾಯಿಕೆಯರು ಪಾದಗಳಿಗೆ ಬಳಿದುಕೊಳ್ಳುತ್ತಿದ್ದ ಲಾಕ್ಷಾರಸವೂ ಕೀಟದ್ದೇ, ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವ ಅರಗೂ ಕೀಟದ್ದೇ, ಹಬ್ಬಕ್ಕೆ ನಾನುಡುವ ಮೈಸೂರು ರೇಷ್ಮೆಯೂ ಹುಳುವಿನದೇ. ಅರಗಿನ ಕೆಂಪೂ ಕೊಚಿನೀಲಿನ ಕೆಂಪೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಒಂದೇ ವಂಶಕ್ಕೆ ಸೇರಿದುವು. ಈ ಸಂಬಂಧವು ತಿಳಿದ ಮೇಲೆ ಆ ಬಣ್ಣದ ಮೇಲೆ ನನ್ನ ಅಭಿಮಾನ ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ.

ದೇಶೀಯ ಪ್ರಸಾಧನೋದ್ಯಮದ ಇತಿಹಾಸವನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. 1952ರಲ್ಲಿ ಟಾಟಾ ಆಯಿಲ್ ಮಿಲ್ಸ್ ಲ್ಯಾಕ್ಮೆಯನ್ನು ಆರಂಭಿಸಿದುದು, 1961ರಲ್ಲಿ ಸಿಮೋನ್ ಟಾಟಾ ಅದರ ಆಡಳಿತಕ್ಕೆ ಬಂದು ಅದನ್ನು ಮನೆಮಾತಾಗಿಸಿದುದು ಎಲ್ಲರೂ ಬಲ್ಲ ಸಂಗತಿಗಳೇ. ತಲೆಗೂದಲಿನ ವಿಷಯದಲ್ಲಿ ಕ್ರಾಂತಿಯಾದುದು ತಮಿಳುನಾಡಿನ ಕಡಲೂರಿನಲ್ಲಿ: ಚಿನ್ನಿಕೃಷ್ಣನ್ ಅವರು ಶಾಂಪುವನ್ನು ಪುಟ್ಟ ಸ್ಯಾಶೆಯಲ್ಲಿ ತುಂಬುವ ಉಪಾಯವನ್ನು ಕಂಡುಹಿಡಿದರು, ಅವರ ಮಗ ರಂಗನಾಥನ್ 1983ರಲ್ಲಿ ಚಿಕ್ ಶಾಂಪುವನ್ನು ಆರಂಭಿಸಿ ಅದನ್ನು ಹಳ್ಳಿಯ ಗೂಡಂಗಡಿಗೂ ಮುಟ್ಟಿಸಿದರು.

ಲಿಪ್‌ಸ್ಟಿಕ್ಕಿನಷ್ಟೇ ಆಸ್ಥೆಯಿಂದ ನಾನು ಪರೀಕ್ಷಿಸಿದುದು ದಿನನಿತ್ಯದ ಈ ತಲೆತೊಳೆಯುವ ಸಾಮಗ್ರಿಯನ್ನು. ನರಕಚತುರ್ದಶಿಯ ಅಭ್ಯಂಜನಕ್ಕೆ ಗಂಜಿಯಲ್ಲಿ ಕಲಸಿದ ಸೀಗೆಪುಡಿಯನ್ನೂ, ಅನಂತರದ ವಾರಗಳಲ್ಲಿ ಪೇಟೆಯ ಸಾಮಾನ್ಯ ಶಾಂಪುವನ್ನೂ, ಸಲ್ಫೇಟು ಇಲ್ಲವೆಂದು ಸಾರುವ ದುಬಾರಿ ಶಾಂಪುವನ್ನೂ ಬಳಸಿ ನೋಡಿದೆ. ನಮ್ಮ ಬಡಾವಣೆಯ ಕೊಳವೆಬಾವಿಯ ಗಡಸುನೀರಿನಲ್ಲಿ ಸಾಬೂನು ಕೆನೆಗಟ್ಟಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ತಲೆಗೆ ಸಾಬೂನು ಹಾಕಕೂಡದೆಂಬ ಅಜ್ಜಿಯರ ಕಟ್ಟಪ್ಪಣೆಗೆ ಇಂತಹ ಆಧಾರವಿದೆ. ಸೀಗೆಯ ನೊರೆಗೂ ಶಾಂಪುವಿನ ನೊರೆಗೂ ಆ ದೋಷವಿಲ್ಲ. ಸೀಗೆ ಸ್ವಭಾವತಃ ಆಮ್ಲೀಯವಾದುದರಿಂದ ಕೂದಲಿನ ಮೇಲಿನ ಸಣ್ಣ ಪೊರೆಗಳು ಎದ್ದುನಿಲ್ಲದೆ ಒರಗಿರುತ್ತವೆ. ಹಚ್ಚಿದ ಎಣ್ಣೆಯಲ್ಲಿಯೂ ತುಸು ಉಳಿಯುತ್ತದೆ. ಶಾಂಪುವಾದರೋ ಜಿಡ್ಡನ್ನು ಪೂರ್ತಿ ತೆಗೆಯುತ್ತದೆ. ತರುವಾಯ ಋಣವಿದ್ಯುದಂಶವುಳ್ಳ ಕೂದಲಿಗೆ ಧನವಿದ್ಯುದಂಶದ ಕಂಡಿಷನರ್ ಅಂಟಿಕೊಂಡು ನುಣುಪನ್ನು ಮರಳಿ ಕೊಡುತ್ತದೆ. ಎರಡೂ ಸಮರ್ಪಕವಾದ ಮಾರ್ಗಗಳೇ. ಸೀಗೆ ಕಣ್ಣನ್ನು ಉರಿಸುವುದೂ, ಅದರ ತರಿ ಕೂದಲಿನಲ್ಲಿ ಉಳಿಯುವುದೂ ಸುಳ್ಳಲ್ಲ. ಬೆಳಗ್ಗೆ ಬಸ್ಸು ಹಿಡಿಯಬೇಕಾದವರಿಗೆ ಶಾಂಪುವೇ ಅನುಕೂಲ. ಸ್ನಾನದ ಮುಂಚಿನ ಕೊಬ್ಬರಿ ಎಣ್ಣೆಯನ್ನು ಮಾತ್ರ ಯಾರೂ ಬಿಡಬಾರದೆಂದು ನನ್ನ ಅಭಿಪ್ರಾಯ. ಅದು ಕೂದಲಿನ ಒಳಕ್ಕಿಳಿದು ಪ್ರೋಟೀನಿನ ನಷ್ಟವನ್ನು ತಗ್ಗಿಸುವುದೆಂದು 2003ರಲ್ಲಿ ರೇಲೆ ಮತ್ತು ಮೊಹಿಲೆ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಅವರು ಕೊಬ್ಬರಿ ಎಣ್ಣೆ ಮಾರುವ ಸಂಸ್ಥೆಗೆ ಸೇರಿದವರೆಂಬುದನ್ನೂ ಓದುಗರು ಗಮನದಲ್ಲಿಡಬೇಕು.

ನನಗೆ ನಿಜವಾಗಿ ಸಿಟ್ಟು ಬಂದುದು ‘ಸೀಗೆಯುಕ್ತ’ವೆಂದು ಹೇಳಿಕೊಳ್ಳುವ ಶಾಂಪುಗಳ ಮೇಲೆ. ಮುಖಭಾಗದಲ್ಲಿ ಸೀಗೆಕಾಯಿಯ ಗೊಂಚಲಿನ ಚಿತ್ರ. ಹಿಂಭಾಗದ ಪಟ್ಟಿಯಲ್ಲಿ ಸೀಗೆಯ ಹೆಸರು ಸುಗಂಧಕ್ಕೂ ಸಂರಕ್ಷಕಗಳಿಗೂ ಆಚೆ. ಪಟ್ಟಿಯಲ್ಲಿ ಹೆಚ್ಚು ತೂಕದ ವಸ್ತು ಮೊದಲು, ಕಡಮೆಯದು ಅನಂತರ ಬರುವುದು ವಾಡಿಕೆ. ಶೇಕಡ 1ಕ್ಕಿಂತ ಕಡಮೆಯಿರುವುವನ್ನು ಮಾತ್ರ ಹೇಗಾದರೂ ಬರೆಯಬಹುದು. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಶೇಕಡ 1ಕ್ಕಿಂತ ಹೆಚ್ಚು ಬಳಸುವಂತಿಲ್ಲವಾದುದರಿಂದ, ಅದರ ಹೆಸರಿನ ಅನಂತರ ಸೀಗೆ ಬಂದಿದ್ದರೆ ಆ ಬಾಟಲಿಯಲ್ಲಿ ಸೀಗೆ ಎಷ್ಟಿರಬಹುದೆಂಬುದನ್ನು ಯಾರಾದರೂ ಊಹಿಸಬಹುದು. ಸೀಗೆಯೇ ಬೇಕಾದವರು ಅವೆನ್ಯೂ ರಸ್ತೆಯ ಗ್ರಂಥಿಗೆ ಅಂಗಡಿಗೆ ಹೋಗಿ ಕಾಯನ್ನೇ ತರಲಿ. ಬೀಜ ಬಿಡಿಸಿ, ಎರಡು ಬಿಸಿಲು ಕಾಯಿಸಿ, ಹಿಡಿ ಮೆಂತ್ಯವನ್ನೂ ಹಿಡಿ ಹೆಸರುಕಾಳನ್ನೂ ಕೂಡಿಸಿಕೊಳ್ಳಲಿ. ಹಿಟ್ಟಿನ ಗಿರಣಿಯಲ್ಲಿ ಇದನ್ನು ಬೀಸಿಕೊಡುವುದಿಲ್ಲ. ಸೀಗೆಗೆಂದೇ ಬೇರೆ ಯಂತ್ರವಿರುವ ಗಿರಣಿಯನ್ನು ವಿಚಾರಿಸಿಕೊಂಡು ಹೋಗಬೇಕು.